ಯಾವ ಬಂದೂಕು ಒಳ್ಳೇದು? ಈ ಪ್ರಶ್ನೆ ಬ್ಯಾಡಗಿ ಪೇಟೆಯಲ್ಲಿ ಕೇಳಿ ನೋಡಿ (8 ಭಾಗ)

ಭಾಗ 1/8: ಡಿಲೀಟ್ ಆದ ರೀಲ್

ಹೋದ ತಿಂಗಳು ಒಂದು ರೀಲ್ ಹಾಕಿದ್ದೆ, ನೆನಪಿದೆಯಾ? ಒಂದು ಕಡೆ ಎಕೆ-47, ಇನ್ನೊಂದು ಕಡೆ ನಮ್ಮ ಇನ್ಸಾಸ್. ಎಕೆ ಮೇಲೆ ಕಿರೀಟ, ಇನ್ಸಾಸ್ ಮೇಲೆ ‘ಡಬ್ಬಾ’ ಅಂತ ಸ್ಟಿಕ್ಕರ್. ನನ್ನ ಪೇಜಲ್ಲಿ ಅಷ್ಟು ವ್ಯೂಸ್ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಕಾಮೆಂಟಲ್ಲಿ ನೀವೆಲ್ಲ ಎರಡು ಪಾರ್ಟಿ ಆಗಿ ಬಡಿದಾಡಿದ್ರಿ. ಆ ರೀಲ್ ಈಗ ಇಲ್ಲ, ನಾನೇ ತೆಗೆದೆ. ಯಾಕೆ ಅಂತ ಮೆಸೇಜ್ ಮಾಡಿದವರಿಗೆಲ್ಲ ‘ಆಮೇಲೆ ಹೇಳ್ತೀನಿ’ ಅಂದಿದ್ದೆ. ಈ ಎಂಟು ಪೋಸ್ಟ್ ಅದಕ್ಕೆ ಉತ್ತರ.

ತೆಗೆಯೋ ಹಾಗೆ ಮಾಡಿದವರು ನಮ್ಮ ಸೋದರಮಾವ. 1980ರ ದಶಕದ ಕೊನೆಗೆ ಬೆಳಗಾವಿಯಲ್ಲಿ ಭರ್ತಿಯಾಗಿ 17 ವರ್ಷ ಮಿಲಿಟ್ರಿಯಲ್ಲಿದ್ದವರು. ಈಗ ರಾಣೆಬೆನ್ನೂರಲ್ಲಿ ಒಂದು ಬ್ಯಾಂಕಿನ ಬಾಗಿಲಿಗೆ ಡಬಲ್ ಬ್ಯಾರಲ್ ಹಿಡ್ಕೊಂಡು ಕೂರ್ತಾರೆ. ಎಸ್‌ಎಲ್‌ಆರ್, ಎಕೆ, ಇನ್ಸಾಸ್ ಮೂರನ್ನೂ ಹಿಡಿದ ಕೈ ಅದು. ರೀಲ್ ನೋಡಿ ಬೈಯಲಿಲ್ಲ. ಫೋನ್ ವಾಪಸ್ ಕೊಟ್ಟು ಇಷ್ಟೇ ಅಂದ್ರು: “ಬ್ಯಾಡಗಿ ಪ್ಯಾಟಿಗೆ ಹೋಗಿ, ಯಾವ ಮೆಣಸಿನಕಾಯಿ ಚಲೋ ಅಂತ ಕೇಳ್ಕೊಂಡು ಬಾ.”

ಕೇಳಿದೆ. ದಲಾಲಿ ಅಂಗಡಿಯ ಅಜ್ಜ ನನ್ನ ಮುಖ ನೋಡಿ, “ಯಾತಕ್ಕಪಾ?” ಅಂದ್ರು. ಬಣ್ಣಕ್ಕಾದ್ರೆ ಬ್ಯಾಡಗಿ ಕಡ್ಡಿ. ನಾಲಿಗೆ ಉರೀಬೇಕಂದ್ರೆ ಗುಂಟೂರು. 2011ರಿಂದ ಜಿಐ ಟ್ಯಾಗ್ ಇರೋ ನಮ್ಮ ಕಾಯಿ ಹೆಸರು ಮಾಡಿದ್ದು ಖಾರದಿಂದ ಅಲ್ಲ, ಕಡುಗೆಂಪು ಬಣ್ಣದಿಂದ. ಅದರಿಂದ ತೆಗೆದ ಬಣ್ಣದೆಣ್ಣೆ ಲಿಪ್‌ಸ್ಟಿಕ್‌ಗೂ ಹೋಗುತ್ತೆ. ಗುಂಟೂರು ಕಾಯಿ ಪಕ್ಕ ಇಟ್ಟು ‘ಇದರಲ್ಲಿ ಖಾರ ಇಲ್ಲ, ಡಬ್ಬಾ’ ಅಂದ್ರೆ ಪೇಟೆ ತುಂಬ ನಗ್ತಾರೆ.

ನನ್ನ ರೀಲ್ ಮಾಡಿದ್ದು ಅದನ್ನೇ. ಹಾಗಾಗಿ ಈ ಸಲ ಪ್ರತಿ ರೈಫಲ್‌ಗೂ ಮೊದಲು ಆ ಅಜ್ಜನ ಪ್ರಶ್ನೆ ಕೇಳೋಣ. ಯಾತಕ್ಕ?

ಭಾಗ 2/8: 1962ರ .303

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. ಸೈನಿಕನ ಕೈಲಿರೋದೆಲ್ಲ ‘ಅಸಾಲ್ಟ್ ರೈಫಲ್’ ಅಲ್ಲ. ಅದಕ್ಕೆ ಮೂರು ಲಕ್ಷಣ ಬೇಕು. ಕಾಡತೂಸು ಮಧ್ಯಮ ಗಾತ್ರದ್ದಿರಬೇಕು. ಮ್ಯಾಗಜಿನ್ ಬಿಚ್ಚಿ ಹಾಕೋ ಹಾಗಿರಬೇಕು. ಒಂದೊಂದೇ ಗುಂಡು ಹೊಡೆಯೋದೋ, ಸತತವಾಗಿ ಹೊಡೆಯೋದೋ ಅನ್ನೋ ಆಯ್ಕೆ ಸೈನಿಕನ ಬೆರಳಿಗೆ ಇರಬೇಕು.

ಈ ಯೋಚನೆಯನ್ನ ದೊಡ್ಡ ಪ್ರಮಾಣದಲ್ಲಿ ಮೊದಲು ತಂದವರು ಜರ್ಮನ್ನರು. 1944ರ ಎಸ್‌ಟಿಜಿ-44. ಹಳೇ ರೈಫಲ್‌ಗಳ ಗುಂಡು ಒಂದು ಕಿಲೋಮೀಟರ್ ಆಚೆಗೂ ಹೋಗ್ತಿತ್ತು. ಆದರೆ ನಿಜವಾದ ಕಾಳಗ ಹೆಚ್ಚಾಗಿ ನಡೀತಿದ್ದದ್ದು 300 ಮೀಟರ್ ಒಳಗೇ. ಹಾಗಿದ್ದರೆ ಅಷ್ಟು ದೊಡ್ಡ ಗುಂಡು ಯಾಕೆ ಹೊರಬೇಕು? ಚಿಕ್ಕದು ಮಾಡು, ಜಾಸ್ತಿ ಕೊಡು. ಇಡೀ ಕಥೆಯ ಬೀಜ ಇದು.

ನಮ್ಮ ದೇಶಕ್ಕೆ ಈ ಪಾಠ ಬಂದದ್ದು ಕೆಟ್ಟ ರೀತಿಯಲ್ಲಿ. 1962ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಜವಾನರ ಕೈಲಿದ್ದದ್ದು .303 ಲೀ-ಎನ್‌ಫೀಲ್ಡ್. ಅದರ ಮೂಲ ವಿನ್ಯಾಸ 1895ರದು. ಮ್ಯಾಗಜಿನ್ನಿಗೆ 10 ಗುಂಡು. ಪ್ರತಿ ಗುಂಡಿಗೂ ಬೋಲ್ಟ್ ಎಳೀಬೇಕು, ತಳ್ಳಬೇಕು, ಮತ್ತೆ ಗುರಿ ಹಿಡೀಬೇಕು. ಎದುರಿನವರ ಹತ್ತಿರ ಟ್ರಿಗರ್ ಒತ್ತಿದಷ್ಟು ಸಲ ತಾನಾಗೇ ಹೊಡೆಯೋ ಕಾರ್ಬೈನ್ ಇತ್ತು, ಎಕೆಯ ಚೀನೀ ನಕಲೂ ಇತ್ತು.

.303 ಕೆಟ್ಟ ಬಂದೂಕಾ? ಅಲ್ಲವೇ ಅಲ್ಲ. ಎರಡು ಮಹಾಯುದ್ಧ ಮಾಡಿದ ರೈಫಲ್ ಅದು. ದೂರಕ್ಕೆ ಗುರಿ ತಪ್ಪಲ್ಲ, ಕೆಡೋದು ಕಡಿಮೆ. ಅಲೆ ಅಲೆಯಾಗಿ ಹತ್ತಿರ ಬರೋ ಶತ್ರುವಿಗೆ ಅಂತ ಮಾಡಿದ್ದಲ್ಲ, ಅಷ್ಟೇ. ಇನ್ನೊಂದು ಮಾತು: 1962ರ ಸೋಲನ್ನ ಪೂರ್ತಿ .303 ತಲೆಗೆ ಕಟ್ಟಬೇಡಿ. ಚಳಿಗೆ ಉಣ್ಣೆ ಬಟ್ಟೆ ಇರಲಿಲ್ಲ, ಸರಕು ಸಾಗಿಸೋಕೆ ರಸ್ತೆ ಇರಲಿಲ್ಲ, ಮೇಲಿನವರ ತೀರ್ಮಾನಗಳೂ ಸರಿ ಇರಲಿಲ್ಲ. ಬಂದೂಕು ಲೆಕ್ಕದ ಒಂದು ಸಾಲು ಮಾತ್ರ, ಪೂರ್ತಿ ಬ್ಯಾಲೆನ್ಸ್ ಶೀಟ್ ಅಲ್ಲ.

ಭಾಗ 3/8: ಎಸ್‌ಎಲ್‌ಆರ್, ಮತ್ತು 2.4 ಕೆ.ಜಿ ಲೆಕ್ಕ

.303 ಜಾಗಕ್ಕೆ ಬಂದದ್ದು ಎಸ್‌ಎಲ್‌ಆರ್. ಮೂಲ ಬೆಲ್ಜಿಯಮ್ಮಿನ ಎಫ್‌ಎನ್ ಎಫ್‌ಎಎಲ್, ನಮ್ಮಲ್ಲಿ ತಯಾರಾಗ್ತಿದ್ದದ್ದು ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ. 1971ರ ಯುದ್ಧದಲ್ಲಿ ಇದು ನಮ್ಮ ಜವಾನರ ಹೆಗಲ ಮೇಲಿತ್ತು. ಟ್ರಿಗರ್ ಒಮ್ಮೆ ಒತ್ತಿದ್ರೆ ಒಂದು ಗುಂಡು, ಮುಂದಿನದು ತಾನೇ ತುಂಬ್ಕೊಳ್ಳುತ್ತೆ. ಮ್ಯಾಗಜಿನ್ನಿಗೆ 20.

ಈಗ ಎಲ್ಲರೂ ಎಡವೋ ಜಾಗ. ಎಸ್‌ಎಲ್‌ಆರ್ ಗುಂಡೂ 7.62, ಎಕೆ ಗುಂಡೂ 7.62. ಹಾಗಾದ್ರೆ ಎರಡೂ ಒಂದೇನಾ? ಅಲ್ಲ. 7.62 ಅಂದ್ರೆ ಗುಂಡಿನ ದಪ್ಪ, ಮಿಲಿಮೀಟರಲ್ಲಿ. ಅದರ ಹಿಂದಿನ ಹಿತ್ತಾಳೆ ಕೋಶದ ಉದ್ದ ಎಸ್‌ಎಲ್‌ಆರ್‌ನಲ್ಲಿ 51 ಮಿ.ಮೀ, ಎಕೆಯಲ್ಲಿ 39. ಕೋಶ ಉದ್ದ ಇದ್ರೆ ಮದ್ದು ಜಾಸ್ತಿ. ಎಸ್‌ಎಲ್‌ಆರ್ ಗುಂಡು ಸೆಕೆಂಡಿಗೆ ಸುಮಾರು 840 ಮೀಟರ್ ವೇಗದಲ್ಲಿ ಹೊರಡುತ್ತೆ, ಎಕೆಯದು ಸುಮಾರು 715. ಇನ್ಸಾಸ್ ಗುಂಡು 5.56×45. ಅದು ತೆಳು, ಹಗುರ, ಆದರೆ ಮೂರರಲ್ಲೂ ವೇಗ ಅದಕ್ಕೇ ಜಾಸ್ತಿ, ಸುಮಾರು 900.

ಈಗ ಬಿಕಾಂ ಲೆಕ್ಕ. ಜವಾನನ ಬೆನ್ನಿಗೆ ಗುಂಡಿಗಂತ 2.4 ಕೆ.ಜಿ ಮಾತ್ರ ಜಾಗ ಇದೆ ಅಂದ್ಕೊಳ್ಳಿ. ಎಸ್‌ಎಲ್‌ಆರ್‌ನ ಒಂದು ಕಾಡತೂಸು ಸುಮಾರು 24 ಗ್ರಾಂ, ಹಾಗಾಗಿ 100. ಎಕೆಯದು ಸುಮಾರು 16 ಗ್ರಾಂ, ಹಾಗಾಗಿ 150. ಇನ್ಸಾಸಿನದು ಸುಮಾರು 12 ಗ್ರಾಂ, ಹಾಗಾಗಿ 200. ತೂಕ ಒಂದೇ. ಬೇಕಾದ್ದು ನೂರು ದೊಡ್ಡ ಏಟಾ, ಇನ್ನೂರು ಸಣ್ಣ ಏಟಾ? ಪ್ರಪಂಚದ ರೈಫಲ್ ಜಗಳ ಎಲ್ಲ ಈ ಒಂದು ಲೆಕ್ಕದ ಸುತ್ತಲೇ ತಿರುಗುತ್ತೆ.

ಎಸ್‌ಎಲ್‌ಆರ್ ಬಲ: 600 ಮೀಟರ್ ತನಕ ಭರವಸೆಯ ಏಟು, ಬಿದ್ದವನು ಏಳೋದು ಕಷ್ಟ. ದೌರ್ಬಲ್ಯ: ಉದ್ದ ಒಂದು ಮೀಟರಿಗಿಂತ ಜಾಸ್ತಿ, ಖಾಲಿ ತೂಕವೇ 4 ಕೆ.ಜಿ ಮೇಲೆ, ಹೆಗಲಿಗೆ ಒದೆ ಜೋರು. ಪಂಜಾಬಿನ ಬಯಲಲ್ಲಿ ಇದು ರಾಜ. 1987ರಲ್ಲಿ ಶಾಂತಿಪಾಲನೆಗೆ ಅಂತ ಶ್ರೀಲಂಕಾಕ್ಕೆ ಹೋದಾಗ ಕಥೆ ಬೇರೆ ಆಯ್ತು. ಅಲ್ಲಿ ಪೊದೆ, ತೆಂಗಿನ ತೋಟ, ಮನೆ ಸಂದಿ. ಎಲ್‌ಟಿಟಿಇ ಕೈಲಿ ಗಿಡ್ಡ ಎಕೆಗಳು, 30 ಗುಂಡಿನ ಮ್ಯಾಗಜಿನ್. ಹತ್ತು ಹೆಜ್ಜೆ ದೂರದಲ್ಲಿ ಹಾರಿ ಬರೋನಿಗೆ 600 ಮೀಟರ್ ರೇಂಜ್ ತಗೊಂಡು ಏನು ಮಾಡೋದು?

ಭಾಗ 4/8: ಎಕೆ-47, ಕಿರೀಟದ ಕೆಳಗೆ

1941ರಲ್ಲಿ ಗಾಯಗೊಂಡ ಒಬ್ಬ ಸೋವಿಯತ್ ಟ್ಯಾಂಕ್ ಸೈನಿಕ ಮಿಖಾಯಿಲ್ ಕಲಾಶ್ನಿಕೋವ್. ಅವನ ವಿನ್ಯಾಸ 1949ರಲ್ಲಿ ಸೋವಿಯತ್ ಸೇನೆಗೆ ಸೇರಿತು. ಮುಂದೆ ಅದು ಎಷ್ಟು ಹರಡಿತು ಅಂದ್ರೆ ಮೊಜಾಂಬಿಕ್ ದೇಶದ ಬಾವುಟದ ಮೇಲೇ ಎಕೆ ಚಿತ್ರ ಇದೆ.

ಅದರ ಗುಟ್ಟು ಬಿಗಿಯಲ್ಲಲ್ಲ, ಸಡಿಲದಲ್ಲಿದೆ. ಒಳಗೆ ಓಡಾಡೋ ಭಾಗಗಳ ನಡುವೆ ಜಾಗ ಬಿಟ್ಟಿದ್ದಾರೆ. ಮರಳು ಹೋಗಲಿ, ಕೆಸರು ಹೋಗಲಿ, ದೊಡ್ಡ ಪಿಸ್ಟನ್ನು ಅದನ್ನ ತಳ್ಕೊಂಡೇ ಓಡುತ್ತೆ. ಕಾಡತೂಸು ಮೊನೆ ಕಡೆಗೆ ಸ್ವಲ್ಪ ಸಪೂರ ಆಗ್ತಾ ಹೋಗುತ್ತೆ, ಹಾಗಾಗಿ ಹೊಡೆದ ಮೇಲೆ ಖಾಲಿ ಕೋಶ ಸಲೀಸಾಗಿ ಹೊರಗೆ ಬರುತ್ತೆ. ಮ್ಯಾಗಜಿನ್ ಬಾಳೆಕಾಯಿ ಹಾಗೆ ಬಾಗಿರೋದೂ ಅದಕ್ಕೇ. ಓದು ಬರಹ ಬಾರದವನಿಗೂ ಬೇಗ ಬಿಚ್ಚಿ ಜೋಡಿಸೋಕೆ ಕಲಿಸಬಹುದು.

ನೀವು ಗೇಮಲ್ಲಿ ನೋಡದ ಲೆಕ್ಕ ಇಲ್ಲಿದೆ. 300 ಮೀಟರ್ ದಾಟಿದ್ರೆ ಗುಂಡು ಕೆಳಗೆ ಬಾಗುತ್ತೆ, ಗುರಿ ಹರಡುತ್ತೆ. ಸತತವಾಗಿ ಹೊಡೆದ್ರೆ ನಳಿಗೆ ಮೇಲಕ್ಕೆ ಏಳುತ್ತೆ. ಸೇಫ್ಟಿ ಪಟ್ಟಿ ಇಳಿಸಿದಾಗ ‘ಟಕ್’ ಅಂತ ಸದ್ದು, ನಿಶ್ಶಬ್ದ ರಾತ್ರಿಯಲ್ಲಿ ಅದೂ ಅಪಾಯವೇ. ಹಳೇ ಮಾದರಿಗಳ ಮೇಲೆ ದುರ್ಬೀನು ಕೂರಿಸೋದೂ ಸಲೀಸಲ್ಲ.

ಯಾತಕ್ಕ? ಹತ್ತಿರದ ಕಾಳಗಕ್ಕೆ, ಕಡಿಮೆ ತರಬೇತಿಗೆ, ಕೆಟ್ಟ ಹವಾಮಾನಕ್ಕೆ. ಕಾಶ್ಮೀರದಲ್ಲಿ ಮನೆ ಮನೆ ಹುಡುಕೋ ನಮ್ಮ ಸೈನಿಕರಿಗೆ ಎಕೆ ಕೊಟ್ಟದ್ದು ಇದಕ್ಕೇ. ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಗುರಿ ಹಿಡಿಯೋಕಲ್ಲ.

ಭಾಗ 5/8: ಇನ್ಸಾಸ್, ನಾನು ‘ಡಬ್ಬಾ’ ಅಂದದ್ದು

1980ರ ದಶಕ. ಪುಣೆಯ ಎಆರ್‌ಡಿಇ ಸಂಸ್ಥೆಗೆ ಒಂದು ಕೆಲಸ ಬಂತು: ನಮ್ಮದೇ ರೈಫಲ್ ಮಾಡಿ, 5.56ರಲ್ಲಿ. ಆಗ ಪ್ರಪಂಚ ಎಲ್ಲ ಸಣ್ಣ ಗುಂಡಿನ ಕಡೆ ಓಡ್ತಿತ್ತು. ಅದರ ಹಿಂದೆ ಒಂದು ವಾದವೂ ಇತ್ತು. ಶತ್ರು ಸತ್ತರೆ ಒಬ್ಬ ಕಡಿಮೆ. ಗಾಯಗೊಂಡರೆ ಅವನನ್ನ ಹೊರೋಕೆ ಇನ್ನಿಬ್ಬರು ಬೇಕು, ಅಲ್ಲಿಗೆ ಮೂರು ಜನ ಕಡಿಮೆ. ಎರಡು ದೇಶಗಳ ಸೈನ್ಯ ಎದುರುಬದುರು ನಿಂತ ಯುದ್ಧಕ್ಕೆ ಈ ವಾದ ಹೊಂದುತ್ತೆ.

ಇನ್ಸಾಸ್ ಹಲವು ಕಡೆಯಿಂದ ಒಳ್ಳೇದನ್ನ ಆರಿಸ್ಕೊಂಡಿತು. ಒಳಗಿನ ಪಿಸ್ಟನ್ ಮತ್ತು ತಿರುಗೋ ಬೋಲ್ಟ್ ಎಕೆ ಥರ. ಗುಂಡು ಉಳಿದಿದ್ದೆಷ್ಟು ಅಂತ ಕಣ್ಣಿಗೇ ಕಾಣೋ ಪಾರದರ್ಶಕ ಪ್ಲಾಸ್ಟಿಕ್ ಮ್ಯಾಗಜಿನ್. ಗುಂಡು ವ್ಯರ್ಥ ಆಗದಿರಲಿ ಅಂತ ಸತತ ಹೊಡೆತದ ಬದಲು ಮೂರು ಮೂರು ಗುಂಡಿನ ಹೊಡೆತ. ಒದೆ ಕಡಿಮೆ, 400 ಮೀಟರ್ ತನಕ ಗುರಿ ಚೆನ್ನಾಗಿ ಕೂರುತ್ತೆ.

1990ರ ದಶಕದ ಕೊನೆಗೆ ಸೇನೆಯ ಕೈಗೆ ಬಂತು. ಹೊಸ ರೈಫಲ್‌ನ ಸಣ್ಣಪುಟ್ಟ ದೋಷ ತಿದ್ದೋಕೆ ವರ್ಷಗಳು ಬೇಕು. ಇದಕ್ಕೆ ಆ ಸಮಯ ಸಿಗಲಿಲ್ಲ. 1999ರ ಬೇಸಿಗೆಯಲ್ಲಿ ಕಾರ್ಗಿಲ್ ಬಂತು. 16,000 ಅಡಿ ಆಸುಪಾಸಿನ ಬಂಡೆ, ಕೊರೆಯೋ ಚಳಿ. ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಟ್ಟದ್ದು, ಹೊಡೀತಿರುವಾಗ ಸಿಕ್ಕಿಬಿದ್ದದ್ದು, ಮೂರು ಗುಂಡಿಗೆ ನಿಲ್ಲಬೇಕಾದ್ದು ನಿಲ್ಲದೆ ಹೋದದ್ದು, ಈ ದೂರುಗಳೆಲ್ಲ ಬಂದದ್ದು ಅಲ್ಲಿಂದ. 2005ರಲ್ಲಿ ನೇಪಾಳದಲ್ಲಿ ಮಾವೋವಾದಿಗಳ ಜೊತೆಗಿನ ಒಂದು ದೊಡ್ಡ ಕಾಳಗದಲ್ಲಿ 40ಕ್ಕೂ ಹೆಚ್ಚು ಸೈನಿಕರು ಸತ್ತಾಗ ಅಲ್ಲಿನ ಸೇನೆ ಇನ್ಸಾಸನ್ನ ದೂರಿತು. ಭಾರತ, ಬಳಕೆ ಮತ್ತು ನಿರ್ವಹಣೆ ಸರಿ ಇರಲಿಲ್ಲ ಅಂತ ಉತ್ತರ ಕೊಟ್ಟಿತು.

ಇನ್ನೊಂದು ವಿಚಿತ್ರ: ಗುಂಡು ಹಗುರ ಆದ್ರೂ ಇನ್ಸಾಸ್ ಖಾಲಿ ತೂಕ 4 ಕೆ.ಜಿ ದಾಟುತ್ತೆ, ಎಕೆಗಿಂತ ಜಾಸ್ತಿ. ಇನ್ನು ಗಾಯ ಮಾಡೋ ವಾದ? ಸಾಯೋಕೇ ಅಂತ ಬಂದ ಉಗ್ರನನ್ನ ಹೊತ್ಕೊಂಡು ಹೋಗೋಕೆ ಇಬ್ಬರು ಬರೋದಿಲ್ಲ. ಗಾಯ ಆದ ಮೇಲೂ ಅವನು ಟ್ರಿಗರ್ ಒತ್ತುತ್ತಾನೆ.

ದೋಷ ಇತ್ತು, ಮುಚ್ಚಿಡೋದಿಲ್ಲ. ಆದರೆ ಬಯಲ ಯುದ್ಧಕ್ಕೆ ಅಂತ ಯೋಚಿಸಿದ್ದನ್ನ ಹಿಮದ ಬಂಡೆಗೂ, ಕಾಶ್ಮೀರದ ಸಂದಿಗೂ ಒಟ್ಟಿಗೇ ಕಳಿಸಿದ್ದು ರೈಫಲ್‌ನ ತಪ್ಪಲ್ಲ.

ಭಾಗ 6/8: ಅಮೆರಿಕಾ ಕೂಡ ಇದೇ ಗುಂಡಿಗೆ ಬಿದ್ದಿತ್ತು

‘ನಮ್ಮವರಿಗೆ ಮಾಡೋಕೇ ಬರಲ್ಲ’ ಅಂತ ಕಾಮೆಂಟ್ ಹಾಕಿದವರಿಗೆ ಈ ಭಾಗ.

1960ರ ದಶಕದ ವಿಯೆಟ್ನಾಂ. ಅಮೆರಿಕನ್ ಸೈನಿಕನ ಕೈಗೆ ಹೊಸ ಎಂ-16 ಬಂತು. ಹಗುರ, 5.56, ಗುರಿ ಅದ್ಭುತ. ಎದುರಿಗೆ ಎಕೆ. ಕಾಗದದ ಮೇಲೆ ಎಂ-16 ಗೆಲ್ಲಬೇಕಿತ್ತು. ಆದರೆ ಕಾಡಲ್ಲಿ ಅದು ಮತ್ತೆ ಮತ್ತೆ ಸಿಕ್ಕಿಹಾಕ್ಕೊಂಡಿತು. ಕೈಲಿ ಕೆಟ್ಟ ರೈಫಲ್ ಹಿಡ್ಕೊಂಡೇ ಹುಡುಗರು ಸತ್ತರು.

ಕಾರಣ ಹುಡುಕಿದಾಗ ಸಿಕ್ಕಿದ್ದೇನು ಗೊತ್ತಾ? ರೈಫಲ್ ವಿನ್ಯಾಸ ಆದ ಮೇಲೆ ಕಾಡತೂಸಿನ ಮದ್ದು ಬದಲಾಯಿಸಿದ್ದರು. ಹೊಸ ಮದ್ದು ಒಳಗೆ ಮಸಿ ಜಾಸ್ತಿ ಬಿಡ್ತಿತ್ತು. ಗುಂಡು ಕೂರೋ ಗೂಡಿಗೆ ಕ್ರೋಮ್ ಲೇಪನ ಇರಲಿಲ್ಲ, ತೇವಕ್ಕೆ ತುಕ್ಕು ಹಿಡೀತಿತ್ತು. ಇದಕ್ಕೆ ಕ್ಲೀನಿಂಗ್ ಅಷ್ಟೇನೂ ಬೇಡ ಅನ್ನೋ ಭಾವನೆಯಲ್ಲಿ ಸಾಕಷ್ಟು ಕ್ಲೀನಿಂಗ್ ಕಿಟ್ಟೇ ಕಳಿಸಿರಲಿಲ್ಲ. 1967ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿ ತನಿಖೆ ಮಾಡಿತು. ಕ್ರೋಮ್ ಹಾಕಿದರು, ಕಿಟ್ ಕೊಟ್ಟರು, ತೊಳೆಯೋದು ಕಲಿಸಿದರು. ಅದೇ ರೈಫಲ್‌ನ ಸಂತತಿಯನ್ನ ಅಮೆರಿಕಾ ಇವತ್ತಿಗೂ ಹಿಡಿದಿದೆ.

ಒಂದು ರೈಫಲ್ ‘ಡಬ್ಬಾ’ ಆಗೋದು ಹಲವು ಸಲ ಕಾರ್ಖಾನೆಯಲ್ಲಿ ಅಲ್ಲ, ಫೈಲಲ್ಲಿ. ಯಾರೋ ಲೇಪನದ ಖರ್ಚು ಉಳಿಸ್ತಾರೆ, ಯಾರೋ ಕಿಟ್ ಕಳಿಸೋದು ಬಿಡ್ತಾರೆ. ಕ್ಲಾಸಲ್ಲಿ ನಾವು ಕಾಸ್ಟ್ ಕಟಿಂಗ್ ಅಂತ ಓದ್ತೀವಲ್ಲ, ಅಲ್ಲಿ ಉಳಿಸಿದ ರೂಪಾಯಿ ಯಾರ ಖಾತೆಗೆ ಖರ್ಚಾಗಿ ಬೀಳುತ್ತೆ ಅಂತ ಯಾವ ಪುಸ್ತಕವೂ ನನಗೆ ಹೀಗೆ ಹೇಳಿರಲಿಲ್ಲ.

ಭಾಗ 7/8: ಈಗ ಯಾವುದು?

ಅಗ್ನಿವೀರ್‌ಗೆ ತಯಾರಿ ಮಾಡ್ತಿರೋ ದೋಸ್ತರು ಕೇಳಿದ್ದು ಇದೇ. ಉತ್ತರ: ಒಂದೇ ರೈಫಲ್ ಅಲ್ಲ.

2019ರಲ್ಲಿ ಸೇನೆ ಅಮೆರಿಕಾದ ಸಿಗ್ ಸಾವರ್ ಕಂಪನಿಯಿಂದ 72,400 ಸಿಗ್-716 ರೈಫಲ್‌ಗೆ ಒಪ್ಪಂದ ಮಾಡ್ಕೊಂಡಿತು. ಇದರ ಗುಂಡು 7.62×51. ಹೌದು, ಮಾವನ ಕಾಲದ ಎಸ್‌ಎಲ್‌ಆರ್ ಗುಂಡೇ. ದೂರಕ್ಕೆ ಬಲವಾದ ಏಟು, ಗಡಿಯಲ್ಲಿ ಮುಂದೆ ನಿಂತವರಿಗೆ. ಬೆಲೆ ಜಾಸ್ತಿ, ಒದೆ ಜಾಸ್ತಿ, ಗುಂಡಿನ ತೂಕವೂ ಜಾಸ್ತಿ.

ಎರಡನೇದು ಎಕೆ-203. ಉತ್ತರ ಪ್ರದೇಶದ ಅಮೇಠಿ ಹತ್ತಿರ ಕೋರ್ವಾದಲ್ಲಿ ರಷ್ಯಾ ಜೊತೆ ಸೇರಿ ತಯಾರಿ. ಆರು ಲಕ್ಷಕ್ಕೂ ಹೆಚ್ಚು ರೈಫಲ್‌ಗಳ ಒಪ್ಪಂದಕ್ಕೆ 2021ರ ಡಿಸೆಂಬರಲ್ಲಿ ಸಹಿ ಬಿತ್ತು. ಗುಂಡು 7.62×39, ಮ್ಯಾಗಜಿನ್ನಿಗೆ 30, ತೂಕ ಸುಮಾರು 3.8 ಕೆ.ಜಿ. ಬಟ್ ಮಡಚಬಹುದು, ಮೇಲೆ ದುರ್ಬೀನು ಕೂರಿಸೋ ಪಟ್ಟಿ ಇದೆ. ಅಂದ್ರೆ 4ನೇ ಭಾಗದಲ್ಲಿ ಹೇಳಿದ ಎಕೆಯ ಹಳೇ ಕೊರತೆಗಳಲ್ಲಿ ಕೆಲವನ್ನ ತಿದ್ದಿದ್ದು. ಇನ್ಸಾಸ್ ಜಾಗಕ್ಕೆ ಬರ್ತಿರೋದು ಮುಖ್ಯವಾಗಿ ಇದು. ನಮ್ಮ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿಯೂ ಪಿ-72 ಅನ್ನೋ ರೈಫಲ್ ಮಾಡಿದೆ.

ಗಮನಿಸಿದ್ರಾ? ದೊಡ್ಡ ಗುಂಡಿಂದ ಸಣ್ಣದಕ್ಕೆ ಹೋದ ಸೇನೆ ಮತ್ತೆ 7.62ಕ್ಕೆ ಬಂತು, ಅದೂ ಎರಡು ಬೇರೆ ಕೆಲಸಕ್ಕೆ ಎರಡು ಬೇರೆ 7.62. 2022ರಲ್ಲಿ ಅಮೆರಿಕಾ ಸೇನೆ ಕೂಡ 6.8 ಮಿ.ಮೀ ರೈಫಲ್ ಆರಿಸ್ಕೊಂಡಿತು. ಯುದ್ಧ ಬದಲಾದ ಹಾಗೆ ಉತ್ತರ ಬದಲಾಗುತ್ತೆ. ಕಿರೀಟ ಯಾವುದರ ಮೇಲೂ ಹೆಚ್ಚು ವರ್ಷ ನಿಂತಿಲ್ಲ.

ಭಾಗ 8/8: ಹೊಸರಿತ್ತಿ

ಕೊನೇ ಭಾಗ ನಮ್ಮ ಜಿಲ್ಲೆಯದು. ಇದುವರೆಗೆ ನಾವು ಬಂದೂಕನ್ನ ಹಿಂದಿನಿಂದ ನೋಡಿದ್ವಿ, ಬಟ್ ಇರೋ ಕಡೆಯಿಂದ. ಹಾವೇರಿ ಇತಿಹಾಸ ಅದನ್ನ ಮುಂದಿನಿಂದ ನೋಡಿದೆ.

ನಮ್ಮ ಹಾವೇರಿ ರೈಲ್ವೆ ಸ್ಟೇಷನ್‌ಗೆ ಯಾರ ಹೆಸರಿದೆ, ಬೋರ್ಡ್ ಓದಿದ್ದೀರಾ? ಮೈಲಾರ ಮಹಾದೇವಪ್ಪ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು, ಹುಟ್ಟಿದ್ದು 1911ರಲ್ಲಿ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದಾಗ ವಯಸ್ಸು ಹತ್ತೊಂಬತ್ತೂ ತುಂಬಿರಲಿಲ್ಲ. ನಮಗಿಂತ ಚಿಕ್ಕವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯದ ಖಜಾನೆ ವಶಪಡಿಸ್ಕೊಳ್ಳೋಕೆ ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿಯ ವೀರಸೌಧ ಇರೋದು ಅವರ ನೆನಪಿಗೆ.

ವೀರಸೌಧದ ಮುಂದೆ ನಿಂತು ಯಾರೂ ‘ಹೊಡೆದದ್ದು ಯಾವ ಮಾಡೆಲ್, ರೇಂಜ್ ಎಷ್ಟು’ ಅಂತ ಕೇಳೋದಿಲ್ಲ. ಅಲ್ಲಿ ನಿಂತರೆ ‘ಯಾತಕ್ಕ?’ ಅನ್ನೋ ಪ್ರಶ್ನೆ ಪೇಟೆಯ ಪ್ರಶ್ನೆಯಾಗಿ ಉಳಿಯಲ್ಲ. ಯಾರ ಕೈಲಿ, ಯಾರ ಕಡೆಗೆ, ಯಾರ ಆದೇಶಕ್ಕೆ ಅನ್ನೋದೂ ಅದರೊಳಗೆ ಬರುತ್ತೆ. ನನ್ನ ರೀಲಲ್ಲಿ ಮನುಷ್ಯನೇ ಇರಲಿಲ್ಲ. ಹಿಡಿದವನೂ ಇಲ್ಲ, ಎದುರಿಗಿದ್ದವನೂ ಇಲ್ಲ. ಬರೀ ಎರಡು ಕಬ್ಬಿಣ, ಒಂದು ಕಿರೀಟ.

ಬ್ಯಾಡಗಿಯಿಂದ ಬಂದ ಸಂಜೆ ಮಾವನಿಗೆ ಕೇಳಿದೆ, “ಮಾವ, ಇನ್ಸಾಸ್ ಕೆಟ್ಟದ್ದ ಇತ್ತೇನು?” ಸ್ವಲ್ಪ ಹೊತ್ತು ಸುಮ್ಮನಿದ್ರು. “ತಕರಾರು ಇತ್ತು. ಆದ್ರ ನಮಗ ಕೊಟ್ಟಿದ್ದು ಅದ. ದಿನಾ ರಾತ್ರಿ ಪುಲ್‌ಥ್ರೂ ಹಾಕಿ, ಚಿಂದಿಲೆ ಒರಸಿ, ಎಣ್ಣಿ ಹಚ್ಚಿ ಮಗ್ಗಲದಾಗ ಇಟ್ಕೊಂಡ ಮಲಗತಿದ್ವಿ. ಬೆಳಗಾದ್ರ ಅದನ್ನ ನಂಬಿನ ಹೊರಗ ಹೋಗಬೇಕು. ನಿನ್ನ ವಿಡಿಯೋದಾಗ ಅದನ್ನ ನೋಡಿ ಜನ ನಗತಾರ. ನನ್ನ ಜೋಡಿ ಅದನ್ನ ಹಿಡದು ಹೋದಾವ ಒಬ್ಬ ತಿರುಗಿ ಬರಲಿಲ್ಲ.”

ಆ ರಾತ್ರಿನೇ ರೀಲ್ ತೆಗೆದೆ.

ರಾಣೆಬೆನ್ನೂರಿನ ನನ್ನ ದೋಸ್ತ ಒಬ್ಬ ದಿನಾ ನಸುಕಿಗೆ ಎದ್ದು 1.6 ಕಿ.ಮೀ ಓಟದ ಟೈಮಿಂಗ್ ಇಳಿಸ್ತಾ ಇದ್ದಾನೆ. ಸೆಲೆಕ್ಟ್ ಆದ್ರೆ ಅವನ ಕೈಗೆ ಯಾವುದು ಬರುತ್ತೋ, ಅವನು ಆರಿಸೋದಿಲ್ಲ. ಆರಿಸೋರು ಟೆಂಡರ್ ಬರೆಯೋರು, ಲೆಕ್ಕ ನೋಡೋರು, ಸಹಿ ಹಾಕೋರು. ಅಂದ್ರೆ ನಾಳೆ ನಮ್ಮಂಥ ಬಿಕಾಂನವರೂ ಇರಬಹುದು. ಅವತ್ತು ಕಾಗದದ ಮೇಲೆ ಬೆಲೆ, ತೂಕ, ರೇಂಜ್ ಎಲ್ಲ ಇರುತ್ತೆ. ಬೆಳಗಿನ ಜಾವ ಓಡ್ತಿರೋ ಈ ಹುಡುಗನ ಹೆಸರು ಇರೋದಿಲ್ಲ. ಅದನ್ನ ನಾವೇ ನೆನಪಿಟ್ಕೋಬೇಕು.

ಸರಣಿ ಮುಗೀತು. ಕಾಮೆಂಟಲ್ಲಿ ಈ ಸಲ ‘ಯಾವುದು ಬೆಸ್ಟ್’ ಬೇಡ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಮಿಲಿಟ್ರಿಯಿಂದ ಬಂದವರು ಇದ್ದರೆ ಹೋಗಿ ಕೂತು ಕೇಳಿ. ಅವರು ಹೇಳಿದ್ದನ್ನ, ಅವರು ಒಪ್ಪಿದರೆ ಮಾತ್ರ, ಇಲ್ಲಿ ಬರೀರಿ.

#ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ಹೊಸರಿತ್ತಿ